ಪರೀಕ್ಷಕನನ್ನು ಪರೀಕ್ಷಿಸುವವರು ಯಾರು?

ಕಿರಾಣಿ ಅಂಗಡಿಗೆ ಅಪ್ಪನ ಜೊತೆ ಹೋದ ಮಕ್ಕಳು ಕೆಲವೊಮ್ಮೆ ದೊಡ್ಡವರ ಬಾಯಿ ಕಟ್ಟಿಸುವಂಥ ಪ್ರಶ್ನೆ ಕೇಳುತ್ತಾರೆ. ಈ ತಕ್ಕಡಿ ಸರಿಯಾಗಿದೆ ಎಂದು ಹೇಗೆ ಗೊತ್ತು? ತೂಕದ ಬಟ್ಟಿನ ಮೇಲೆ ಸರ್ಕಾರದ ಮುದ್ರೆ ಇದೆಯಲ್ಲ, ಅದರಿಂದ ಗೊತ್ತು. ಮುದ್ರೆ ಒತ್ತಿದವರು ಯಾರು? ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಇನ್‌ಸ್ಪೆಕ್ಟರೇ ಮೋಸ ಮಾಡಿಬಿಟ್ಟರೆ? ಇಲ್ಲಿಗೆ ಬಂದಾಗ ಅಪ್ಪ ಸಾಮಾನ್ಯವಾಗಿ 'ಸುಮ್ಮನೆ ಬಾ, ತಲೆ ತಿನ್ನಬೇಡ' ಎನ್ನುತ್ತಾನೆ. ಉತ್ತರ ಗೊತ್ತಿಲ್ಲದ ದೊಡ್ಡವರು ಹೇಳುವ ಮಾತೇ ಅದು.

ಆದರೆ ಮಗುವಿನ ಪ್ರಶ್ನೆ ತಮಾಷೆಯದಲ್ಲ. ಅಮೆರಿಕದ ನೆವಾಡಾ ಎಂಬ ರಾಜ್ಯ ಇದೇ ಪ್ರಶ್ನೆಯನ್ನು ತನ್ನಷ್ಟಕ್ಕೆ ತಾನು ಕೇಳಿಕೊಳ್ಳಬೇಕಾದ ದಿನ ಬಂತು. ಅದೂ ತನ್ನ ಅತ್ಯಂತ ಜಾಣ ನೌಕರನೊಬ್ಬ ಪೊಲೀಸರ ಕೈಗೆ ಸಿಕ್ಕಿಬಿದ್ದ ಮೇಲೆ.

ನೆವಾಡಾದ ಬಹುಭಾಗ ಮರುಭೂಮಿ. ಮಳೆ ಅಪರೂಪ, ಬೇಸಾಯ ಅಷ್ಟಕ್ಕಷ್ಟೆ. 1931ರಲ್ಲಿ, ಆರ್ಥಿಕ ಮುಗ್ಗಟ್ಟು ಜಗತ್ತನ್ನೇ ಹಿಂಡುತ್ತಿದ್ದ ಕಾಲದಲ್ಲಿ, ಆ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. ಮುಂದೆ ಲಾಸ್ ವೇಗಾಸ್ ನಗರ ಕ್ಯಾಸಿನೊಗಳ ರಾಜಧಾನಿಯಾಗಿ ಬೆಳೆಯಿತು. ಕ್ಯಾಸಿನೊ ಎಂದರೆ ಪರವಾನಗಿ ಪಡೆದ ಜೂಜುಕಟ್ಟೆ. ಹಣವಿದ್ದಲ್ಲಿ ಕಳ್ಳರು ಬಂದೇ ಬರುತ್ತಾರೆ. ಆದ್ದರಿಂದ 1955ರಲ್ಲಿ ಸರ್ಕಾರ 'ಗೇಮಿಂಗ್ ಕಂಟ್ರೋಲ್ ಬೋರ್ಡ್' ಎಂಬ ನಿಯಂತ್ರಣ ಮಂಡಳಿಯನ್ನು ಸ್ಥಾಪಿಸಿತು. ಕ್ಯಾಸಿನೊ ಆಟಗಾರನಿಗೆ ಮೋಸ ಮಾಡದಂತೆ, ಆಟಗಾರ ಕ್ಯಾಸಿನೊಗೆ ಮೋಸ ಮಾಡದಂತೆ, ಇಬ್ಬರೂ ಸೇರಿ ಸರ್ಕಾರದ ತೆರಿಗೆಗೆ ಟೋಪಿ ಹಾಕದಂತೆ ಕಾಯುವುದು ಅದರ ಕೆಲಸ. ಒಂದು ಮಾತಿನಲ್ಲಿ ಹೇಳುವುದಾದರೆ ಅದು ಹೊಲಕ್ಕೆ ಹಾಕಿದ ಬೇಲಿ.

ಪೆಟ್ಟಿಗೆಯೊಳಗಿನ ಮಾತು

ಕ್ಯಾಸಿನೊಗಳ ಒಳಗೆ ಸಾಲುಸಾಲಾಗಿ ನಿಂತಿರುವ ಪೆಟ್ಟಿಗೆಗಳಿಗೆ ಸ್ಲಾಟ್ ಮೆಷಿನ್ ಎಂದು ಹೆಸರು. ಬವೇರಿಯಾದಿಂದ ಅಮೆರಿಕಕ್ಕೆ ವಲಸೆ ಬಂದ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದ 'ಲಿಬರ್ಟಿ ಬೆಲ್' ಎಂಬ ಯಂತ್ರ ಇವೆಲ್ಲದರ ಮೂಲಪುರುಷ. ಅದರಲ್ಲಿ ಮೂರು ಚಕ್ರಗಳು, ಚಕ್ರಗಳ ಮೇಲೆ ಗಂಟೆ, ಲಾಳ ಮುಂತಾದ ಚಿತ್ರಗಳು. ಕಾಸು ಹಾಕಿ ಪಕ್ಕದ ಹಿಡಿ ಎಳೆದರೆ ಚಕ್ರಗಳು ಗಿರ್ರನೆ ತಿರುಗಿ ಒಂದೊಂದಾಗಿ ನಿಲ್ಲುತ್ತಿದ್ದವು. ಮೂರು ಗಂಟೆಗಳು ಒಂದೇ ಸಾಲಿನಲ್ಲಿ ಬಂದರೆ ಬಹುಮಾನ.

ಆ ಕಾಲದಲ್ಲಿ ಅದೃಷ್ಟ ಕಣ್ಣಿಗೆ ಕಾಣುವಂತಿತ್ತು. ಚಕ್ರ ನಿಂತಲ್ಲಿ ಅದೃಷ್ಟ ನಿಂತಿತು, ಅಷ್ಟೆ. ಕಂಪ್ಯೂಟರ್ ಬಂದ ಮೇಲೆ ಚಿತ್ರ ಬದಲಾಯಿತು. ಇಂಗೆ ತೆಲ್ನೆಸ್ ಎಂಬ ಎಂಜಿನಿಯರ್ 1984ರಲ್ಲಿ ಪಡೆದ ಪೇಟೆಂಟಿನ ಪ್ರಕಾರ, ಚಕ್ರ ಎಲ್ಲಿ ನಿಲ್ಲಬೇಕೆಂಬುದನ್ನು ಯಂತ್ರದೊಳಗಿನ ಕಂಪ್ಯೂಟರ್ ಮೊದಲೇ ತೀರ್ಮಾನಿಸುತ್ತದೆ. ಹೊರಗೆ ತಿರುಗುವ ಚಕ್ರ ಆ ತೀರ್ಮಾನವನ್ನು ಓದಿ ಹೇಳುವ ಗುಮಾಸ್ತ ಮಾತ್ರ. ಅಸಲಿ ಆಟ ನಡೆಯುವುದು ಬೆರಳುಗಾತ್ರದ ಒಂದು ಚಿಪ್ಪಿನಲ್ಲಿ. ಆಟಗಾರನಿಗೆ ಅದು ಕಾಣುವುದಿಲ್ಲ, ಕಂಡರೂ ಅರ್ಥವಾಗುವುದಿಲ್ಲ.

ಹಾಗಾದರೆ ಆತ ಯಾವ ಧೈರ್ಯದ ಮೇಲೆ ಕಾಸು ಹಾಕುತ್ತಾನೆ? ಸರ್ಕಾರದ ಮೇಲಿನ ಭರವಸೆಯಿಂದ. ಹಾಕಿದ ಪ್ರತಿ 100 ಡಾಲರಿನಲ್ಲಿ, ದೀರ್ಘಾವಧಿಯ ಸರಾಸರಿಯಲ್ಲಿ, ಕನಿಷ್ಠ 75 ಡಾಲರ್ ಆಟಗಾರರಿಗೆ ಹಿಂದಿರುಗಬೇಕು ಎಂಬುದು ನೆವಾಡಾದ ನಿಯಮ. ಈ ಲೆಕ್ಕವನ್ನು ಗಮನವಿಟ್ಟು ಓದಿದರೆ ಇನ್ನೊಂದು ಸತ್ಯವೂ ಕಾಣುತ್ತದೆ. ಯಾವ ಮೋಸವೂ ಇಲ್ಲದ, ಅಪ್ಪಟ ಪ್ರಾಮಾಣಿಕ ಯಂತ್ರವೂ ಕೊನೆಗೆ ಆಟಗಾರನನ್ನು ಸೋಲಿಸಲೆಂದೇ ಕಟ್ಟಿದ್ದು. ಸಂಜೆಯಿಡೀ ಕುಳಿತು ಆಡುವವನ ಜೇಬು ತೆಳ್ಳಗಾಗುವುದು ಅವನ ಗ್ರಹಚಾರದಿಂದಲ್ಲ, ಗಣಿತದಿಂದ. ಕ್ಯಾಸಿನೊಗೆ ಮೋಸದ ಅಗತ್ಯವೇ ಇಲ್ಲ. ಆದರೂ ಮೋಸ ನಡೆಯಿತು ಎಂಬುದೇ ಮನುಷ್ಯನ ಆಸೆ ಎಷ್ಟು ಆಳ ಎಂಬುದಕ್ಕೆ ಸಾಕ್ಷಿ.

ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ

ಯಂತ್ರ ಹುಟ್ಟಿದ ಮೇಲೆ ಅದರ ಕಳ್ಳರೂ ಹುಟ್ಟಿಕೊಂಡರು. ಮೊದಲು ಬಂದವರು ಹೊರಗಿನವರು. ಖೋಟಾ ಬಿಲ್ಲೆ ಹಾಕುವವರು, ನಾಣ್ಯಕ್ಕೆ ದಾರ ಕಟ್ಟಿ ಇಳಿಬಿಟ್ಟು ಮತ್ತೆ ಎಳೆದುಕೊಳ್ಳುವವರು, ತಂತಿ ತೂರಿಸುವವರು. ಇವರಲ್ಲಿ ಹೆಸರಾದವನು ಟಾಮಿ ಕಾರ್ಮೈಕಲ್ ಎಂಬ ಟಿ.ವಿ. ರಿಪೇರಿಯವ. ಯಂತ್ರ ಎಷ್ಟು ನಾಣ್ಯ ಹೊರಗೆ ಹಾಕಿತು ಎಂದು ಬೆಳಕಿನ ಕಣ್ಣೊಂದು ಎಣಿಸುತ್ತಿತ್ತು. ಆತ ಪುಟ್ಟ ದೀಪವೊಂದನ್ನು ಒಳಗೆ ತೂರಿಸಿ ಆ ಕಣ್ಣಿಗೇ ಮಂಕು ಬಡಿಸಿದ. ಎಣಿಕೆ ತಪ್ಪಿದ ಯಂತ್ರ ನಾಣ್ಯ ಸುರಿಸುತ್ತಲೇ ಹೋಗುತ್ತಿತ್ತು. ಕಾರ್ಮೈಕಲ್ ಹಲವು ಬಾರಿ ಸಿಕ್ಕಿಬಿದ್ದು ಜೈಲಿಗೂ ಹೋಗಿಬಂದ.

ಕಳ್ಳ ಚಾಪೆಯ ಕೆಳಗೆ ತೂರಿದರೆ ಯಂತ್ರ ಕಟ್ಟುವವರು ರಂಗೋಲಿಯ ಕೆಳಗೆ ತೂರುತ್ತಿದ್ದರು. ಅವನದೊಂದು ಹೊಸ ಸಾಧನ, ಇವರದೊಂದು ಹೊಸ ತಡೆ. ಹೊರಗಿನ ಕಳ್ಳನ ವಿಷಯದಲ್ಲಿ ಒಂದು ಅನುಕೂಲವಿದೆ. ಅವನು ಕಳ್ಳ ಎಂಬುದು ಎಲ್ಲರಿಗೂ ಗೊತ್ತು. ಬಾಗಿಲಲ್ಲೇ ತಡೆಯಬಹುದು, ಕ್ಯಾಮೆರಾದಲ್ಲಿ ನೋಡಬಹುದು. ಬಾಗಿಲ ಕೀಲಿಕೈಯನ್ನು ಕೊರಳಿಗೆ ಹಾಕಿಕೊಂಡವನೇ ಕೈಚಳಕ ತೋರಿಸಿದರೆ ಏನು ಮಾಡುವುದು? 'ಉಂಡ ಮನೆಯ ಗಳ ಹಿರಿಯುವುದು' ಎಂಬ ಕನ್ನಡದ ಮಾತು ಹುಟ್ಟಿದ್ದೇ ಇಂಥವರನ್ನು ನೋಡಿ.

ಲಾಸ್ ವೇಗಾಸ್‌ನ ಸ್ಟಾರ್‌ಡಸ್ಟ್ ಕ್ಯಾಸಿನೊದಲ್ಲಿ 1970ರ ದಶಕದಲ್ಲಿ ನಡೆದದ್ದು ಇದಕ್ಕೆ ಮೊದಲ ಉದಾಹರಣೆ. ದಿನಕ್ಕೆ ರಾಶಿರಾಶಿಯಾಗಿ ಬೀಳುವ ನಾಣ್ಯಗಳನ್ನು ಒಂದೊಂದಾಗಿ ಎಣಿಸುತ್ತ ಕೂರಲಾಗದು. ಅದಕ್ಕಾಗಿ ತಕ್ಕಡಿಯಲ್ಲಿ ತೂಗಿ ಮೊತ್ತ ಲೆಕ್ಕ ಹಾಕುತ್ತಿದ್ದರು. ಆ ತಕ್ಕಡಿಯನ್ನೇ ಕಡಿಮೆ ತೋರಿಸುವಂತೆ ತಿರುಚಲಾಗಿತ್ತು. ಲೆಕ್ಕಕ್ಕೆ ಸಿಗದ ಹೆಚ್ಚುವರಿ ನಾಣ್ಯ ಚಿಲ್ಲರೆ ಕೊಡುವ ಕಟ್ಟೆಗಳ ಮೂಲಕ ನೋಟಾಗಿ ಬದಲಾಗಿ, ತೆರಿಗೆಯ ಕಣ್ಣಿಗೆ ಬೀಳದೆ ಮಾಫಿಯಾದವರ ಕೈ ಸೇರುತ್ತಿತ್ತು. 1976ರಲ್ಲಿ ಮಂಡಳಿಯ ಅಧಿಕಾರಿಗಳು ದಿಢೀರನೆ ದಾಳಿ ಮಾಡಿದಾಗ ಗುಟ್ಟು ರಟ್ಟಾಯಿತು. ಸ್ಲಾಟ್ ವಿಭಾಗದ ಮೇಲ್ವಿಚಾರಕ ಅಲ್ಲಿಂದ ಪರಾರಿಯಾದ. ಲಕ್ಷಗಟ್ಟಲೆ ಡಾಲರ್ ಹೀಗೆ ಸೋರಿಹೋಗಿತ್ತು.

ಅಲ್ಲಿ ಕೆಟ್ಟಿದ್ದು ಎಣಿಸುವವನ ಕೈ. ಮುಂದಿನ ಪ್ರಕರಣದಲ್ಲಿ ಕೆಟ್ಟಿದ್ದು ಬರೆಯುವವನ ಕೈ. ಅಮೆರಿಕನ್ ಕಾಯಿನ್ ಎಂಬ ಸಂಸ್ಥೆ ನೆವಾಡಾದ ಅಂಗಡಿ, ಪಾನಗೃಹಗಳಲ್ಲಿ ಇಸ್ಪೀಟಿನ ಆಟದ ಯಂತ್ರಗಳನ್ನು ಇರಿಸುತ್ತಿತ್ತು. ಅವುಗಳ ಪ್ರೋಗ್ರಾಂನಲ್ಲಿ ಒಂದು ಕಳ್ಳ ಸಾಲು ಸೇರಿತ್ತು. ಅತಿ ದೊಡ್ಡ ಬಹುಮಾನ ತರುವ ಎಲೆಗಳ ಜೋಡಣೆ ಆಟಗಾರನಿಗೆ ಬೀಳದಂತೆ ಅದು ನೋಡಿಕೊಳ್ಳುತ್ತಿತ್ತು. 1989ರಲ್ಲಿ ಇದು ಬಯಲಾಗಿ ಸಂಸ್ಥೆ ಪರವಾನಗಿ ಕಳೆದುಕೊಂಡಿತು. ಆ ಪ್ರೋಗ್ರಾಂ ಬರೆದಾತ 1990ರಲ್ಲಿ ತನ್ನ ಮನೆಯ ಬಳಿಯೇ ಗುಂಡೇಟಿಗೆ ಬಲಿಯಾದ. ಕೂತಲ್ಲೇ, ಯಾರ ಕಣ್ಣಿಗೂ ಬೀಳದೆ ಮಾಡಿದ ಕೆಲಸ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಬೇಲಿಯೇ ಎದ್ದು ಹೊಲ ಮೇಯ್ದದ್ದು

ಈ ಹಗರಣಗಳ ಬಳಿಕ ಎಲ್ಲರ ಕಣ್ಣು ಮಂಡಳಿಯ ಎಲೆಕ್ಟ್ರಾನಿಕ್ ವಿಭಾಗದ ಮೇಲೆ ಬಿತ್ತು. ಕ್ಯಾಸಿನೊವನ್ನು ನಂಬುವಂತಿಲ್ಲ, ಯಂತ್ರ ಇರಿಸುವವರನ್ನೂ ನಂಬುವಂತಿಲ್ಲ. ಉಳಿದದ್ದು ಸರ್ಕಾರದ ಎಂಜಿನಿಯರು ಒಬ್ಬರೇ. ಅಲ್ಲಿ ರೊನಾಲ್ಡ್ ಹ್ಯಾರಿಸ್ ಎಂಬಾತ ಕೆಲಸ ಮಾಡುತ್ತಿದ್ದ. ಯಂತ್ರಗಳ ಚಿಪ್ಪುಗಳಲ್ಲಿ ಮೋಸದ ಪ್ರೋಗ್ರಾಂ ಅಡಗಿದೆಯೇ ಎಂದು ಹುಡುಕುವುದು ಅವನ ವೃತ್ತಿ. ಅದಕ್ಕಾಗಿ ಕಂಪನಿಗಳು ಗುಟ್ಟಾಗಿಡುವ ಮೂಲ ಪ್ರೋಗ್ರಾಂಗಳನ್ನೆಲ್ಲ ಓದುವ ಅಧಿಕಾರ ಅವನಿಗಿತ್ತು. ಮೋಸವನ್ನು ಎಲ್ಲಿ, ಹೇಗೆ ಬಚ್ಚಿಡಬಹುದು ಎಂಬುದು ಅವನಿಗೆ ಅಂಗೈ ಗೆರೆಯಂತೆ ಗೊತ್ತಿತ್ತು. ಗೊತ್ತಿರಲೇಬೇಕಿತ್ತು, ಗೊತ್ತಿಲ್ಲದೆ ಹಿಡಿಯುವುದು ಹೇಗೆ?

ಆ ಜ್ಞಾನವೇ ಅವನಿಗೆ ಮುಳುವಾಯಿತು. 1992ರ ಸುಮಾರಿಗೆ ಹ್ಯಾರಿಸ್ ಒಂದು ಉಪಾಯ ಹೂಡಿದ. ಮಂಡಳಿಯ ಇನ್‌ಸ್ಪೆಕ್ಟರುಗಳು ಕ್ಯಾಸಿನೊಗಳಿಗೆ ಹೋಗಿ ಯಂತ್ರದ ಚಿಪ್ಪು ಸಾಚಾ ಹೌದೋ ಅಲ್ಲವೋ ಎಂದು ನೋಡಲು ಒಂದು ಪರೀಕ್ಷಾ ಸಾಧನ ಬಳಸುತ್ತಿದ್ದರು. ಹ್ಯಾರಿಸ್ ಆ ಸಾಧನದಲ್ಲೇ ತನ್ನ ಪ್ರೋಗ್ರಾಂ ಸೇರಿಸಿದ. ಇನ್‌ಸ್ಪೆಕ್ಟರು ಚಿಪ್ಪನ್ನು ಪರೀಕ್ಷಿಸಿದರೆ ಸಾಕು, ಆ ಪರೀಕ್ಷೆಯ ನೆಪದಲ್ಲೇ ಕಳ್ಳ ಸೂಚನೆ ಚಿಪ್ಪಿನೊಳಕ್ಕೆ ಇಳಿಯುತ್ತಿತ್ತು. ಆ ಮೇಲೆ ಅಂಥ ಯಂತ್ರಕ್ಕೆ ಒಂದು ಗೊತ್ತಾದ ಕ್ರಮದಲ್ಲಿ, ಮೊದಲು ಇಷ್ಟು ನಾಣ್ಯ, ಆಮೇಲೆ ಇಷ್ಟು ಎಂದು ಹಾಕುತ್ತ ಹೋದರೆ ಬಹುಮಾನ ತಾನಾಗಿ ಬೀಳುತ್ತಿತ್ತು. ಆ ಕ್ರಮ ಗೊತ್ತಿಲ್ಲದವರಿಗೆ ಯಂತ್ರ ಎಂದಿನಂತೆಯೇ ಇರುತ್ತಿತ್ತು.

ಇದರ ಕ್ರೌರ್ಯವನ್ನು ಒಂದು ಕ್ಷಣ ಯೋಚಿಸಬೇಕು. ಆ ಇನ್‌ಸ್ಪೆಕ್ಟರು ಪ್ರಾಮಾಣಿಕನಾಗಿದ್ದ. ಬಿಸಿಲಲ್ಲಿ ಊರೂರು ಸುತ್ತಿ, ಯಂತ್ರಗಳನ್ನು ಬಿಚ್ಚಿ, ತನ್ನ ಕರ್ತವ್ಯವನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದನೋ ಅಷ್ಟೂ ಮೋಸ ಹಬ್ಬುತ್ತಿತ್ತು. ರೋಗ ತಡೆಯಲು ಹಾಕುವ ಚುಚ್ಚುಮದ್ದಿನ ಸೂಜಿಯಲ್ಲೇ ರೋಗ ತುಂಬಿದಂತೆ. ಜೊತೆಗೆ ಕೂತು ಕಾಫಿ ಕುಡಿಯುವ ಸಹೋದ್ಯೋಗಿಗಳ ನಿಷ್ಠೆಯನ್ನೇ ಹ್ಯಾರಿಸ್ ತನ್ನ ಕಳ್ಳತನದ ಗಾಡಿಗೆ ಎತ್ತಾಗಿ ಕಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ.

ಮೂರು ವರ್ಷ ಯಾರಿಗೂ ಸಂಶಯ ಬರಲಿಲ್ಲ. ಹಣ ಎತ್ತಿಕೊಳ್ಳಲು ಹ್ಯಾರಿಸ್ ಗೆಳೆಯರ ನೆರವು ಪಡೆಯುತ್ತಿದ್ದ. ಮೊತ್ತಗಳು ಎದ್ದು ಕಾಣುವಂತಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ. ಆದರೆ ಆಸೆಗೆ 'ಸಾಕು' ಎಂಬ ಪದ ಗೊತ್ತಿಲ್ಲ.

ಎಂಟಕ್ಕೆ ಎಂಟು

ಕೀನೊ ಎಂಬ ಇನ್ನೊಂದು ಆಟವಿದೆ. ಒಂದರಿಂದ ಎಂಬತ್ತರವರೆಗಿನ ಅಂಕಿಗಳಲ್ಲಿ ಇಪ್ಪತ್ತನ್ನು ಎತ್ತಲಾಗುತ್ತದೆ. ಆಟಗಾರ ಕೆಲವು ಅಂಕಿಗಳನ್ನು ಮೊದಲೇ ಊಹಿಸಿ ಗುರುತು ಹಾಕಬೇಕು. ಎಂಟು ಅಂಕಿ ಗುರುತು ಹಾಕಿ ಎಂಟೂ ಸರಿಯಾಗುವ ಸಂಭವ ಸುಮಾರು 2,30,000ದಲ್ಲಿ ಒಂದು. ಪಿ.ಯು.ಸಿ.ಯಲ್ಲಿ ಸಂಯೋಜನೆಗಳ ಪಾಠ ಓದಿದ ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಅಂಕಿಗಳನ್ನು ಎತ್ತುವುದು ಕಂಪ್ಯೂಟರ್. ಆದರೆ ಕಂಪ್ಯೂಟರಿಗೆ ಕಣ್ಣು ಮುಚ್ಚಿ ಗಡಿಗೆಯೊಳಗೆ ಕೈ ಹಾಕಿ ಚೀಟಿ ಎತ್ತಲು ಬರುವುದಿಲ್ಲ. ಅದು ಒಂದು ಸೂತ್ರವನ್ನು ಅನುಸರಿಸುತ್ತದೆ. ಒಂದು ಸಂಖ್ಯೆಯನ್ನು ತೆಗೆದುಕೊಂಡು, ಗುಣಿಸಿ, ಕೂಡಿಸಿ, ಭಾಗಿಸಿ, ಉಳಿದ ಶೇಷವನ್ನು ಮುಂದಿನ ಸಂಖ್ಯೆಯಾಗಿ ಇಟ್ಟುಕೊಳ್ಳುವ ವಿಧಾನ ಸಾಮಾನ್ಯವಾದದ್ದು. ನೋಡುವವರಿಗೆ ಅಂಕಿಗಳು ಗೊತ್ತುಗುರಿಯಿಲ್ಲದೆ ಬಂದಂತೆ ಕಾಣುತ್ತವೆ. ಆದರೆ ಸೂತ್ರವೂ ಈಗಿನ ಸಂಖ್ಯೆಯೂ ತಿಳಿದಿದ್ದವನಿಗೆ ಮುಂದಿನದೆಲ್ಲ ತೆರೆದ ಪುಸ್ತಕ. ಶ್ರೇಢಿಯ ನಿಯಮ ಮತ್ತು ಒಂದು ಪದ ಕೊಟ್ಟರೆ ಉಳಿದ ಪದಗಳನ್ನು ಬರೆಯುವುದಿಲ್ಲವೇ, ಹಾಗೆ. ಹ್ಯಾರಿಸ್‌ಗೆ ಸೂತ್ರ ತಿಳಿದಿತ್ತು, ಅದು ಅವನ ಮೇಜಿನ ಮೇಲೇ ಬಂದಿತ್ತು. ಮುಂದೆ ಬರುವ ಅಂಕಿಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಅವನು ಬರೆದ.

ನೆವಾಡಾದಲ್ಲಿ ಎಲ್ಲರೂ ಪರಿಚಿತರು. ಆದ್ದರಿಂದ ದೇಶದ ಇನ್ನೊಂದು ತುದಿಯಲ್ಲಿರುವ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯನ್ನು ಆರಿಸಿಕೊಂಡ. 1995ರ ಜನವರಿ 14ರಂದು ಅಲ್ಲಿನ ಬ್ಯಾಲೀಸ್ ಪಾರ್ಕ್ ಪ್ಲೇಸ್ ಕ್ಯಾಸಿನೊದಲ್ಲಿ ಹ್ಯಾರಿಸ್‌ನ ಗೆಳೆಯ ಕೀನೊ ಆಡಲು ಕುಳಿತ. ಹ್ಯಾರಿಸ್ ಹೋಟೆಲಿನ ಕೋಣೆಯಲ್ಲಿದ್ದ. ಗೆಳೆಯ ಗುರುತು ಹಾಕಿದ ಎಂಟು ಅಂಕಿಗಳೂ ಬಂದವು. ಎಂಟಕ್ಕೆ ಎಂಟು. ಬಹುಮಾನ ಒಂದು ಲಕ್ಷ ಡಾಲರ್.

ಲೆಕ್ಕವೆಲ್ಲ ಕರಾರುವಾಕ್ಕಾಗಿತ್ತು. ಒಂದನ್ನು ಮಾತ್ರ ಹ್ಯಾರಿಸ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅದು ಮನುಷ್ಯನ ಮುಖ. ಲಕ್ಷ ಡಾಲರ್ ಗೆದ್ದವನು ಕುಣಿಯುತ್ತಾನೆ, ಅಳುತ್ತಾನೆ, ಪಕ್ಕದವರನ್ನು ತಬ್ಬಿಕೊಳ್ಳುತ್ತಾನೆ. ಈತ ಬಸ್ಸಿನ ಟಿಕೆಟ್ ಪಡೆದವನಂತೆ ಸುಮ್ಮನೆ ಕುಳಿತಿದ್ದ. ಹಣವನ್ನು ನಗದಾಗಿ ಕೊಡಿ ಎಂದ. ಗುರುತಿನ ಚೀಟಿ ಕೇಳಿದರೆ ಸರಿಯಾದ ದಾಖಲೆ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಗಾದೆಯ ಕಳ್ಳ. ಈತ ಹೆಗಲನ್ನೇ ಅಲ್ಲಾಡಿಸದೆ ಸಿಕ್ಕಿಬಿದ್ದ. ಅಷ್ಟು ದೊಡ್ಡ ಬಹುಮಾನವನ್ನು ರಾಜ್ಯದ ಅಧಿಕಾರಿಗಳು ಪರಿಶೀಲಿಸಿದ ಮೇಲೆಯೇ ಕೊಡಬೇಕಾಗಿತ್ತು. ಅವರು ವಿಚಾರಿಸುತ್ತ ಹೋಟೆಲ್ ಕೋಣೆಯವರೆಗೂ ಹೋದರು. ಹ್ಯಾರಿಸ್ ಉಪಾಯವಾಗಿ ಜಾರಿಕೊಂಡು ಲಾಸ್ ವೇಗಾಸ್‌ಗೆ ವಿಮಾನ ಹತ್ತಿದ. ಅಲ್ಲಿ ಇಳಿದಾಗ ಪೊಲೀಸರು ಕಾದಿದ್ದರು.

ಬಂಧನದ ಬಳಿಕ ಹಳೆಯ ಕಥೆಯೆಲ್ಲ ಒಂದೊಂದಾಗಿ ಹೊರಬಂತು. ಹ್ಯಾರಿಸ್ ತಪ್ಪೊಪ್ಪಿಕೊಂಡ. 1998ರಲ್ಲಿ ಅವನಿಗೆ ಏಳು ವರ್ಷಗಳ ಶಿಕ್ಷೆಯಾಯಿತು. ಎರಡು ವರ್ಷ ಕಳೆದು ಹೊರಬಂದ. ನೆವಾಡಾದ ಕ್ಯಾಸಿನೊಗಳೊಳಗೆ ಕಾಲಿಡಬಾರದವರ ಪಟ್ಟಿಯೊಂದನ್ನು ಮಂಡಳಿ 1960ರಿಂದ ಇಟ್ಟುಕೊಂಡು ಬಂದಿದೆ. 'ಬ್ಲ್ಯಾಕ್ ಬುಕ್' ಎಂದೇ ಜನ ಅದನ್ನು ಕರೆಯುತ್ತಾರೆ. ಪಾತಕಿಗಳ ಹೆಸರಿನ ಜೊತೆಗೆ ಮಂಡಳಿಯ ನೌಕರನಾಗಿದ್ದವನ ಹೆಸರೂ ಅದರಲ್ಲಿ ಸೇರಿತು.

ಮತ್ತೊಬ್ಬ, ಅದೇ ದಾರಿ

ಇದು ಹಳೆಯ ಕಾಲದ ಮಾತು, ಈಗ ಭದ್ರತೆ ಹೆಚ್ಚಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹ್ಯಾರಿಸ್ ಸಿಕ್ಕಿಬಿದ್ದು ಹದಿನೈದು ವರ್ಷ ಕಳೆದ ಮೇಲೆ, 2010ರ ಡಿಸೆಂಬರ್‌ನಲ್ಲಿ, ಅಮೆರಿಕದ ಅಯೋವಾ ರಾಜ್ಯದ ಪೆಟ್ರೋಲ್ ಬಂಕಿನ ಅಂಗಡಿಯೊಂದರಲ್ಲಿ ಒಬ್ಬಾತ ಲಾಟರಿ ಟಿಕೆಟ್ ಕೊಂಡ. ಅದಕ್ಕೆ 1 ಕೋಟಿ 65 ಲಕ್ಷ ಡಾಲರ್ ಬಹುಮಾನ ಬಂತು. ಆದರೆ ಒಂದು ವರ್ಷದ ಗಡುವು ಮುಗಿಯುತ್ತ ಬಂದರೂ ಹಣ ಯಾರ ಕೈಗೂ ಸೇರಿರಲಿಲ್ಲ. ಕೊನೆಗಳಿಗೆಯಲ್ಲಿ ವಕೀಲರ ಮೂಲಕ, ಗೆದ್ದವನ ಹೆಸರು ಮುಚ್ಚಿಟ್ಟು ಹಣ ಪಡೆಯುವ ಪ್ರಯತ್ನ ನಡೆಯಿತು. ಹೆಸರು ಹೇಳದೆ ಹಣವಿಲ್ಲ ಎಂದು ಅಧಿಕಾರಿಗಳು ಪಟ್ಟು ಹಿಡಿದರು.

2014ರಲ್ಲಿ ತನಿಖೆಗಾರರು ಅಂಗಡಿಯ ಕ್ಯಾಮೆರಾ ಚಿತ್ರವನ್ನು ಪ್ರಕಟಿಸಿದರು. ಮುಖ ಟೋಪಿಯಲ್ಲಿ ಮರೆಯಾಗಿತ್ತು. ಆದರೆ ದನಿ ಕೇಳಿದ ಸಹೋದ್ಯೋಗಿಗಳಿಗೆ ಎದೆ ಧಸಕ್ಕೆಂದಿತು. ಆತ ಎಡ್ಡಿ ಟಿಪ್ಟನ್. ಹಲವು ರಾಜ್ಯಗಳ ಲಾಟರಿ ನಡೆಸುವ ಸಂಘದಲ್ಲಿ ಮಾಹಿತಿ ಭದ್ರತೆಯ ನಿರ್ದೇಶಕ. ಕಳ್ಳರಿಂದ ಲಾಟರಿಯನ್ನು ಕಾಯುವುದೇ ಅವನ ಹುದ್ದೆ. ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ ಮಾತ್ರ ಅಂಕಿಗಳನ್ನು ಮೊದಲೇ ಊಹಿಸಲು ಆಗುವಂಥ ಕೆಲವು ಸಾಲುಗಳನ್ನು ಆತ ಪ್ರೋಗ್ರಾಂನಲ್ಲಿ ಸೇರಿಸಿದ್ದ. ಅಯೋವಾ ಅಲ್ಲದೆ ಬೇರೆ ರಾಜ್ಯಗಳಲ್ಲೂ ಅದೇ ಕೈಚಳಕ ನಡೆದಿತ್ತು. ಟಿಕೆಟ್ ಕೊಳ್ಳಲು, ಹಣ ಎತ್ತಲು ಒಡಹುಟ್ಟಿದ ತಮ್ಮನನ್ನೂ ಹಳೆಯ ಗೆಳೆಯನನ್ನೂ ಎಳೆದುಕೊಂಡಿದ್ದ. 2017ರಲ್ಲಿ ತಪ್ಪೊಪ್ಪಿಕೊಂಡಾಗ ಗರಿಷ್ಠ 25 ವರ್ಷಗಳ ಶಿಕ್ಷೆ ವಿಧಿಸಲಾಯಿತು. 2022ರಲ್ಲಿ ಪೆರೋಲ್ ಮೇಲೆ ಹೊರಬಂದ.

ಹ್ಯಾರಿಸ್ ಮತ್ತು ಟಿಪ್ಟನ್ ಇಬ್ಬರ ಕಥೆಯಲ್ಲೂ ಕಾಣುವ ಒಂದು ಸಾಮ್ಯವಿದೆ. ಇಬ್ಬರೂ ದಡ್ಡರಲ್ಲ, ಹೊಟ್ಟೆಗಿಲ್ಲದವರೂ ಅಲ್ಲ. ಒಳ್ಳೆಯ ಹುದ್ದೆ, ನಾಲ್ಕು ಜನರಲ್ಲಿ ಮರ್ಯಾದೆ ಇದ್ದವರು. ಇಬ್ಬರನ್ನೂ ಹಿಡಿದುಕೊಟ್ಟದ್ದು ಕಂಪ್ಯೂಟರ್ ಅಲ್ಲ. ಒಬ್ಬನನ್ನು ಗೆಳೆಯನ ಭಾವವಿಲ್ಲದ ಮುಖ, ಇನ್ನೊಬ್ಬನನ್ನು ತನ್ನದೇ ದನಿ. ಗಣಿತಕ್ಕೆ ಸಿಗದಂತೆ ಎಷ್ಟೇ ಜಾಣತನದಿಂದ ಬಚ್ಚಿಟ್ಟರೂ ಮನುಷ್ಯರ ನಡುವೆ ಬದುಕುವವನು ಮನುಷ್ಯರ ಕಣ್ಣು ಕಿವಿಗಳಿಂದ ತಪ್ಪಿಸಿಕೊಳ್ಳಲಾರ.

ಕೇಳುವವರು ಇರಲಿ

ಹಾಗಾದರೆ ತಪ್ಪಿದ್ದೆಲ್ಲಿ? ಈ ಇಬ್ಬರು ಕೆಟ್ಟವರು, ಅದಕ್ಕೇ ಹೀಗಾಯಿತು ಎಂದರೆ ಅದು ಸುಲಭದ ಉತ್ತರ. ಹ್ಯಾರಿಸ್ ಕೆಲಸಕ್ಕೆ ಸೇರಿದ ದಿನವೇ ಕಳ್ಳನಾಗಿದ್ದ ಎಂದು ಹೇಳಲು ಯಾವ ಆಧಾರವೂ ಇಲ್ಲ. ಅವನು ಉಳಿದವರ ಕೆಲಸ ಪರೀಕ್ಷಿಸುತ್ತಿದ್ದ, ಅವನ ಕೆಲಸವನ್ನು ಅಷ್ಟೇ ಕೂಲಂಕಷವಾಗಿ ನೋಡುವ ಇನ್ನೊಂದು ಕಣ್ಣು ಇರಲಿಲ್ಲ. ಇದ್ದಿದ್ದರೆ ಆ ಸಾಧನದೊಳಗಿನ ಕಳ್ಳ ಸೂಚನೆ ಮೂರು ವರ್ಷ ಉಳಿಯುತ್ತಿರಲಿಲ್ಲ. ಜಾಣನ ಮೇಲಿನ ಗೌರವ ಮೆಲ್ಲಮೆಲ್ಲನೆ ಅವನನ್ನು ಯಾರೂ ಪ್ರಶ್ನಿಸದ ಎತ್ತರಕ್ಕೆ ಏರಿಸಿಬಿಡುತ್ತದೆ. ಆ ಎತ್ತರದಲ್ಲಿ ನಿಂತವನಿಗೆ ತಲೆ ತಿರುಗುವುದು ಸಹಜ.

ಈ ಪಾಠ ಮನೆಗೂ ಸಲ್ಲುತ್ತದೆ. 'ನಮ್ಮ ಹುಡುಗ ಬಲು ಜಾಣ, ಅವನನ್ನು ಕೇಳುವುದೇ ಬೇಡ' ಎಂದು ಹೆಮ್ಮೆಯಿಂದ ಹೇಳುವ ತಂದೆತಾಯಿಗಳು ಎಷ್ಟಿಲ್ಲ? ಲೆಕ್ಕದಲ್ಲಿ ಹಿಂದಿರುವ ಮಗನ ನೋಟ್‌ಬುಕ್ಕನ್ನು ದಿನಾ ತೆರೆದು ನೋಡುತ್ತಾರೆ. ತರಗತಿಗೇ ಮೊದಲು ಬರುವವಳ ಪುಸ್ತಕವನ್ನು ಮುಟ್ಟುವುದೂ ಇಲ್ಲ. ಕಂಪ್ಯೂಟರಿನಲ್ಲಿ ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಲು ಅಪ್ಪನಿಗೆ ಸಂಕೋಚ, ತನಗೆ ಅದು ಅರ್ಥವಾಗುವುದಿಲ್ಲವಲ್ಲ ಎಂದು. ಅರ್ಥವಾಗದಿದ್ದರೂ ಕೇಳಬಹುದು. 'ಇದೇನು ಮಾಡ್ತಿದ್ದೀಯೋ, ನನಗೂ ಸ್ವಲ್ಪ ಹೇಳು' ಎಂಬ ಮಾತಿನಲ್ಲಿ ಸಂಶಯವಿಲ್ಲ, ಜೊತೆಗಿದ್ದೇನೆ ಎಂಬ ಭರವಸೆಯಿದೆ.

ಅಂಥ ಪ್ರಶ್ನೆಯನ್ನು ವಿದ್ಯಾರ್ಥಿಗಳು ಅವಮಾನವೆಂದು ಭಾವಿಸುವುದುಂಟು. 'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂದು ಮುಖ ಊದಿಸಿಕೊಳ್ಳುವುದುಂಟು. ಬ್ಯಾಂಕಿನ ಖಜಾನೆಯ ಕೋಣೆಗೆ ಎರಡು ಬೀಗದ ಕೈ ಇರುತ್ತವೆ, ಇಬ್ಬರು ಅಧಿಕಾರಿಗಳ ಬಳಿ ಒಂದೊಂದು. ಅದು ಇಬ್ಬರಲ್ಲಿ ಒಬ್ಬ ಕಳ್ಳ ಎಂದಲ್ಲ. ಒಂದು ದಿನ ಹಣ ಕಡಿಮೆ ಬಿದ್ದರೆ ನಿರಪರಾಧಿಯ ಮೇಲೆ ಅಪವಾದ ಬರದಿರಲಿ ಎಂಬ ಕಾಳಜಿಯೂ ಅದರಲ್ಲಿದೆ. ಕಷ್ಟದ ದಿನದಲ್ಲಿ ಒಬ್ಬನ ಕೈ ನಡುಗಿದರೆ ಇನ್ನೊಬ್ಬನ ಇರವು ಅವನನ್ನು ತಡೆಯಲಿ ಎಂಬ ಎಚ್ಚರವೂ ಇದೆ. ಕ್ಯಾಸಿನೊಗಳ ಎಣಿಕೆಯ ಕೋಣೆಗೆ ಒಬ್ಬನೇ ಹೋಗಬಾರದೆಂಬ ನಿಯಮದ ಹಿಂದೆಯೂ ಇದೇ ವಿವೇಕವಿದೆ.

ಪರೀಕ್ಷಕನನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆಗೆ ಮೇಲೆ ಮೇಲೆ ಹೋಗಿ ಉತ್ತರ ಹುಡುಕಿದರೆ ಸಿಗುವುದಿಲ್ಲ. ಎಲ್ಲರ ಮೇಲೂ ಕೂತು ಕಾಯುವ, ಯಾರೂ ಕಾಯಬೇಕಿಲ್ಲದ ಒಬ್ಬ ಮನುಷ್ಯ ಎಲ್ಲೂ ಇಲ್ಲ. ಉತ್ತರ ಪಕ್ಕದಲ್ಲಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಬೇಕು, ಅವನು ಓದಿದ್ದನ್ನು ಮತ್ತೊಬ್ಬ ನೋಡಬೇಕು. ಪ್ರಶ್ನಿಸುವವನೂ ಪ್ರಶ್ನೆಗೆ ಉತ್ತರಿಸುವವನೂ ಆಗಾಗ ಜಾಗ ಬದಲಾಯಿಸಿಕೊಳ್ಳಬೇಕು. ಇದು ಕಚೇರಿಗೆ ಹೇಗೋ ಮನೆಗೂ ಹಾಗೇ.

ಇಂದು ತರಗತಿಯಲ್ಲಿ ಕುಳಿತಿರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ನಾಳೆ ಪ್ರೋಗ್ರಾಂ ಬರೆಯುತ್ತಾರೆ, ಲೆಕ್ಕ ತನಿಖೆ ಮಾಡುತ್ತಾರೆ, ಔಷಧ ಪರೀಕ್ಷಿಸುತ್ತಾರೆ, ಉತ್ತರಪತ್ರಿಕೆಗೆ ಅಂಕ ಹಾಕುತ್ತಾರೆ. ಅವರ ಕೆಲಸ ಅರ್ಥವಾಗದ ಸಾವಿರಾರು ಜನ ಅವರ ಸಹಿಯನ್ನು ನಂಬಿ ಹಣ ಕಟ್ಟುತ್ತಾರೆ, ಮಾತ್ರೆ ನುಂಗುತ್ತಾರೆ. ಆ ದಿನ ಹಿರಿಯ ಅಧಿಕಾರಿಯೊಬ್ಬರು 'ಇದನ್ನು ಇನ್ನೊಬ್ಬರಿಗೂ ತೋರಿಸಿ' ಎಂದರೆ ಮುಖ ಸಿಂಡರಿಸಬೇಕಾಗಿಲ್ಲ. ಯಾರೂ ಹೇಳದಿದ್ದರೆ ತಾವೇ ಪಕ್ಕದ ಮೇಜಿನವರನ್ನು ಕರೆದು 'ಒಮ್ಮೆ ನೋಡಿಬಿಡಿ' ಎಂದು ಕೇಳಿಕೊಂಡರೆ ಇನ್ನೂ ಒಳ್ಳೆಯದು.